ಒಂದು ಹಾಡು ದರ್ಜಿ ಅಂಗಡಿಯಿಂದ ಅರಮನೆಗೆ ಹೋದ ಕಥೆ: 1932ರ ‘ಲವ್ ಮಿ ಟುನೈಟ್’

ಒಟಿಟಿ ಆ್ಯಪ್ ತೆರೆದರೆ ಸಿನಿಮಾಗಳನ್ನು ಗುಂಪು ಗುಂಪಾಗಿ ಜೋಡಿಸಿಟ್ಟಿರುತ್ತಾರೆ. ಆ್ಯಕ್ಷನ್, ಹಾರರ್, ಕಾಮಿಡಿ. ಅದರ ನಡುವೆ ‘ಮ್ಯೂಸಿಕಲ್’ ಅಂತ ಇನ್ನೊಂದು. ಅಕ್ಕನ ಮಗಳು ಅದನ್ನು ನೋಡಿ ಕೇಳಿದಳು: "ಮಾಮ, ನಮ್ಮ ಎಲ್ಲ ಸಿನಿಮಾದಲ್ಲೂ ಹಾಡು ಇರುತ್ತಲ್ವಾ? ಹಾಗಾದ್ರೆ ಎಲ್ಲವೂ ಮ್ಯೂಸಿಕಲ್ಲೇ ಅಲ್ವಾ?"

ಒಳ್ಳೆಯ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳಲು ಹೋಗಿ ತಡವರಿಸಿದೆ. ಕೊನೆಗೆ ಒಂದು ಹಳೆಯ ಸಿನಿಮಾ ಹಾಕಿ ತೋರಿಸಿದೆ. ಅದರ ಹೆಸರು ‘ಲವ್ ಮಿ ಟುನೈಟ್’. ಹಾಲಿವುಡ್‌ನ ಪ್ಯಾರಮೌಂಟ್ ಸ್ಟುಡಿಯೋ 1932ರಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರ. ಸಿನಿಮಾ ಚರಿತ್ರೆ ಓದುವವರು ಇದನ್ನು ಇವತ್ತಿಗೂ ಎತ್ತಿ ಹಿಡಿಯುತ್ತಾರೆ. ಉಳಿದವರಿಗೆ ಇದರ ಹೆಸರೂ ಗೊತ್ತಿಲ್ಲ. ಮ್ಯೂಸಿಕಲ್ ಕಾಮಿಡಿ ಅಂದರೆ ಏನು ಅಂತ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ.

## ಹಾಡು ಇದ್ದರೆ ಸಾಕೇ?

ಒಂದು ಸಿನಿಮಾ ಮ್ಯೂಸಿಕಲ್ ಹೌದೋ ಅಲ್ಲವೋ ಅಂತ ತಿಳಿಯಲು ನಾನೊಂದು ಸುಲಭ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹಾಡುಗಳನ್ನು ತೆಗೆದುಹಾಕಿ ನೋಡಿ. ಕಥೆ ಹಾಗೇ ನಿಲ್ಲುತ್ತಾ? ನಮ್ಮ ಎಷ್ಟೋ ಸಿನಿಮಾಗಳಲ್ಲಿ ನಿಲ್ಲುತ್ತದೆ. ಹಾಡು ಶುರುವಾದಾಗ ಎದ್ದು ಹೋಗಿ ಕಾಫಿ ಕುಡಿದು ಬಂದರೂ ಕಥೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆ ಹಾಡು ಚೆನ್ನಾಗಿಲ್ಲ ಅಂತ ಅಲ್ಲ. ಅದರ ಕೆಲಸ ಬೇರೆ. ಅದು ಭಾವನೆಯನ್ನು ಹಿಗ್ಗಿಸುತ್ತದೆ, ಕಥೆಯನ್ನು ಮುಂದೆ ದೂಡುವುದಿಲ್ಲ.

ಮ್ಯೂಸಿಕಲ್‌ನಲ್ಲಿ ಹಾಡಿಗೆ ಮಾತಿನ ಕೆಲಸ ವಹಿಸಿರುತ್ತಾರೆ. ಪಾತ್ರದ ಮನಸ್ಸು ಬದಲಾಗುವುದು, ಗುಟ್ಟು ಬಯಲಾಗುವುದು, ಜಗಳ ಹತ್ತಿಕೊಳ್ಳುವುದು, ಎಲ್ಲ ಹಾಡಿನೊಳಗೇ ನಡೆಯುತ್ತದೆ. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಕಂಪನಿ ನಾಟಕಗಳಲ್ಲಿ ಪಾತ್ರಧಾರಿ ಮಾತಾಡುತ್ತಾ ಮಾತಾಡುತ್ತಾ ರಂಗಗೀತೆಗೆ ಹೊರಳುತ್ತಿದ್ದ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂದಾಗ ಆ ರಂಗಭೂಮಿಯ ನಟರೂ ಹಾಡುಗಳೂ ಜೊತೆಗೇ ಬಂದವು.

ಮ್ಯೂಸಿಕಲ್ ಕಾಮಿಡಿ ಅಂದರೆ ಇದಕ್ಕೆ ನಗು ಸೇರಿದ್ದು. ಕಥೆ ಹಗುರ, ಪ್ರೀತಿ ಇರುತ್ತದೆ, ತಪ್ಪು ತಿಳಿವಳಿಕೆ ಇರುತ್ತದೆ, ಕೊನೆಗೆ ಸುಖಾಂತ್ಯ.

## ಮಾತು ಬಂತು, ಕ್ಯಾಮೆರಾ ಪೆಟ್ಟಿಗೆ ಸೇರಿತು

1932ರಲ್ಲಿ ಈ ಸಿನಿಮಾ ಯಾಕೆ ಅಷ್ಟು ಹೊಸದಾಗಿ ಕಂಡಿತು ಅಂತ ತಿಳಿಯಲು ಐದು ವರ್ಷ ಹಿಂದೆ ಹೋಗಬೇಕು. 1927ರಲ್ಲಿ ವಾರ್ನರ್ ಕಂಪನಿಯ ‘ದಿ ಜಾಝ್ ಸಿಂಗರ್’ ಬಂತು. ಪರದೆಯ ಮೇಲಿನ ಮನುಷ್ಯ ಹಾಡಿದ, ಮಾತಾಡಿದ. ಜನ ಹುಚ್ಚೆದ್ದರು. ಎಲ್ಲ ಸ್ಟುಡಿಯೋಗಳೂ ಹಾಡಿನ ಸಿನಿಮಾಗಳ ಹಿಂದೆ ಬಿದ್ದವು.

ಆದರೆ ಒಂದು ತೊಡಕಿತ್ತು. ಆಗಿನ ಕ್ಯಾಮೆರಾ ಓಡುವಾಗ ಹೊಲಿಗೆ ಮೆಷಿನ್ನಿನ ಹಾಗೆ ಸದ್ದು ಮಾಡುತ್ತಿತ್ತು. ಆ ಸದ್ದು ಮೈಕಿಗೆ ಬೀಳಬಾರದು ಅಂತ ಕ್ಯಾಮೆರಾವನ್ನೂ ಕ್ಯಾಮೆರಾಮನ್ನನ್ನೂ ಸೇರಿಸಿ ಒಂದು ಮುಚ್ಚಿದ ಗೂಡಿನೊಳಗೆ ಕೂರಿಸುತ್ತಿದ್ದರು. ಗೂಡು ಅಲುಗಾಡುವಂತಿಲ್ಲ. ನಟರು ಮೈಕಿನಿಂದ ದೂರ ಹೋಗುವಂತಿಲ್ಲ. ಹಾಡು ಬಂತೆಂದರೆ ಎಲ್ಲರೂ ಗ್ರೂಪ್ ಫೋಟೋಕ್ಕೆ ನಿಂತವರ ಹಾಗೆ ನಿಂತು ಹಾಡುತ್ತಿದ್ದರು.

ಎರಡೇ ವರ್ಷದಲ್ಲಿ ಜನಕ್ಕೆ ಸಾಕಾಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತವೂ ಶುರುವಾಗಿತ್ತು. ಟಿಕೆಟ್ಟಿಗೆ ಕಾಸು ಹೊಂದಿಸುವುದೇ ಕಷ್ಟ. 1931ರ ಹೊತ್ತಿಗೆ ಸ್ಟುಡಿಯೋಗಳು ಕೆಲವು ಸಿನಿಮಾಗಳಲ್ಲಿ ಚಿತ್ರೀಕರಿಸಿದ ಹಾಡುಗಳನ್ನೇ ಕತ್ತರಿಸಿ ಬಿಡುಗಡೆ ಮಾಡಿದವು. ಹಾಡು ಇದ್ದರೆ ಸಿನಿಮಾ ಓಡುವುದಿಲ್ಲ ಅನ್ನುವ ಭಯ. ಅಂಥ ಹೊತ್ತಿನಲ್ಲಿ ಬಂದದ್ದು ಈ ಚಿತ್ರ.

## ಸದ್ದಿನಲ್ಲಿ ತಾಳ ಕೇಳಿದವರು

ನಿರ್ದೇಶಕ ರೂಬೆನ್ ಮಮೂಲಿಯನ್. ಅರ್ಮೇನಿಯನ್ ಮನೆತನ, ಹುಟ್ಟಿದ್ದು 1897ರಲ್ಲಿ, ಈಗ ಜಾರ್ಜಿಯಾ ದೇಶದ ರಾಜಧಾನಿಯಾಗಿರುವ ಟಿಬಿಲಿಸಿಯಲ್ಲಿ. ನ್ಯೂಯಾರ್ಕಿನ ರಂಗಭೂಮಿಯಲ್ಲಿ ಹೆಸರು ಮಾಡಿ ಸಿನಿಮಾಕ್ಕೆ ಬಂದವರು. 1927ರಲ್ಲಿ ಅವರು ‘ಪೋರ್ಗಿ’ ಎಂಬ ನಾಟಕ ಆಡಿಸಿದ್ದರು. ಅದರಲ್ಲಿ ಒಂದು ಬೀದಿ ಬೆಳಗ್ಗೆ ಏಳುವ ದೃಶ್ಯವಿತ್ತು. ಗೊರಕೆ, ಕಸಬರಿಗೆ, ಸುತ್ತಿಗೆ, ಈ ಸದ್ದುಗಳನ್ನು ಒಂದೊಂದಾಗಿ ತಾಳಕ್ಕೆ ಕೂರಿಸಿ ಅದನ್ನೇ ಸಂಗೀತ ಮಾಡಿದ್ದರು.

ಅದೇ ಯೋಚನೆಯನ್ನು ಅವರು ಪ್ಯಾರಿಸ್ಸಿಗೆ ತಂದರು. ‘ಲವ್ ಮಿ ಟುನೈಟ್’ ಶುರುವಾಗುವುದು ಹೀಗೆ. ಬೆಳಗಿನ ಜಾವ, ಬೀದಿ ಖಾಲಿ. ದೂರದಲ್ಲಿ ಚರ್ಚಿನ ಗಂಟೆ. ಒಬ್ಬ ಕೂಲಿಯಾಳು ಬಂದು ರಸ್ತೆಗೆ ಗುದ್ದಲಿ ಹಾಕುತ್ತಾನೆ. ಠಕ್. ಒಂದು ಕ್ಷಣ ಬಿಟ್ಟು ಮತ್ತೆ ಠಕ್. ಬೀದಿ ಬದಿಯಲ್ಲಿ ಮಲಗಿದವನೊಬ್ಬನ ಗೊರಕೆ ಆ ಎರಡು ಪೆಟ್ಟಿನ ನಡುವೆ ಸರಿಯಾಗಿ ಬಂದು ಕೂರುತ್ತದೆ. ಒಬ್ಬಾಕೆ ಬಾಗಿಲ ಮುಂದೆ ಗುಡಿಸತೊಡಗುತ್ತಾಳೆ, ಪೊರಕೆಯ ಸರ್ ಸರ್ ಸೇರುತ್ತದೆ. ಕಿಟಕಿಗಳು ತೆರೆದುಕೊಳ್ಳುತ್ತವೆ. ಮಗು ಅಳುತ್ತದೆ. ಇಬ್ಬರು ಚಮ್ಮಾರರು ಬೀದಿಯಲ್ಲೇ ಕೂತು ಬೂಟಿಗೆ ಮೊಳೆ ಹೊಡೆಯುತ್ತಾರೆ, ಒಬ್ಬನ ಪೆಟ್ಟಿಗೆ ಇನ್ನೊಬ್ಬನ ಪೆಟ್ಟು ಜವಾಬು. ಯಾರೋ ಜಮಖಾನೆ ಕೊಡವಿ ಬಡಿಯುತ್ತಾರೆ. ಮೋಟಾರಿನ ಹಾರ್ನು. ನೋಡನೋಡುತ್ತಾ ಇಡೀ ಬೀದಿಯೇ ತನಿ ಆವರ್ತನ ನುಡಿಸುತ್ತಿರುತ್ತದೆ.

ಮದುವೆ ಮನೆಯಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎಚ್ಚರವಾದಾಗ ಕೇಳುವ ಸದ್ದು ನೆನಪಿದೆಯಾ? ಕೊಳಗದ ಮುಚ್ಚಳ, ನಲ್ಲಿ ನೀರು, ಕಾಯಿ ತುರಿಯುವುದು, ಯಾರೋ ಯಾರನ್ನೋ ಕೂಗುವುದು. ಅರೆನಿದ್ದೆಯಲ್ಲಿ ಅದಕ್ಕೊಂದು ಲಯ ಇದೆ ಅನ್ನಿಸುತ್ತದೆ. ಮಮೂಲಿಯನ್ ಆ ಅನ್ನಿಸಿಕೆಯನ್ನು ಸಿನಿಮಾ ಮಾಡಿದರು.

ಆಮೇಲೆ ಕ್ಯಾಮೆರಾ ಒಂದು ಕಿಟಕಿಯೊಳಗೆ ಹೋಗುತ್ತದೆ. ಗೋಡೆಯ ಮೇಲೆ ಒಂದು ಹುಲ್ಲಿನ ಟೋಪಿ ನೇತಾಡುತ್ತಿದೆ. ಅದರ ಕೆಳಗೆ ಗಾರೆ ಬಿರುಕು ಬಿಟ್ಟಿದೆ, ಆ ಬಿರುಕು ಒಬ್ಬ ಮನುಷ್ಯನ ಮುಖದ ಪಕ್ಕನೋಟದ ಹಾಗಿದೆ. ಅಂದಿನ ಪ್ರೇಕ್ಷಕರಿಗೆ ಆ ಟೋಪಿ ಕಂಡರೆ ಸಾಕು, ನಾಯಕ ಯಾರು ಅಂತ ಗೊತ್ತು. ಮೊರೀಸ್ ಶೆವಾಲಿಯೇ. ಪ್ಯಾರಿಸ್ಸಿನ ಬಡ ಬಡಾವಣೆಯಲ್ಲಿ ಹುಟ್ಟಿ ಹಾಡಿ ಬೆಳೆದ ನಟ. ಮೊದಲ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕಾಗ ಜೊತೆಗಿದ್ದ ಬ್ರಿಟಿಷ್ ಕೈದಿಗಳಿಂದ ಇಂಗ್ಲಿಷ್ ಕಲಿತವರು. ಆ ಇಂಗ್ಲಿಷೇ ಮುಂದೆ ಅವರನ್ನು ಹಾಲಿವುಡ್‌ಗೆ ಕರೆದೊಯ್ಯಿತು.

## ಒಂದು ಧಾಟಿಯ ಪ್ರಯಾಣ

ಈಗ ಬರುವ ದೃಶ್ಯವೇ ಈ ಲೇಖನಕ್ಕೆ ಕಾರಣ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾಯಕ ಮೊರೀಸ್ ಒಬ್ಬ ದರ್ಜಿ. ಅಂಗಡಿಯಲ್ಲಿ ಮೂರು ಕಡೆ ಕನ್ನಡಿ. ಗಿರಾಕಿಗೆ ಹೊಸ ಸೂಟು ತೊಡಿಸಿ, ಖುಷಿಯಲ್ಲಿ ‘ಇಸಂಟ್ ಇಟ್ ರೊಮ್ಯಾಂಟಿಕ್’ ಅಂತ ಒಂದು ಹಾಡು ಹಾಡುತ್ತಾನೆ. ಗಿರಾಕಿಗೆ ಆ ಧಾಟಿ ಹಿಡಿಸುತ್ತದೆ. ಗುನುಗುತ್ತಾ ಬೀದಿಗೆ ಇಳಿಯುತ್ತಾನೆ. ಅವನಿಂದ ಟ್ಯಾಕ್ಸಿ ಡ್ರೈವರ್ ಕಲಿಯುತ್ತಾನೆ. ಟ್ಯಾಕ್ಸಿ ಹತ್ತಿದವನು ಒಬ್ಬ ಸಂಗೀತಗಾರ. ಅವನು ಕೇಳಿದ ಸ್ವರಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಾನೆ. ರೈಲು ಹತ್ತಿ ಅಲ್ಲೂ ಹಾಡುತ್ತಾನೆ. ಆ ಬೋಗಿಯಲ್ಲಿ ಸೈನಿಕರಿದ್ದಾರೆ, ಅವರೂ ದನಿ ಸೇರಿಸುತ್ತಾರೆ. ಸೈನಿಕರು ರೈಲಿಳಿದು ಬಯಲಲ್ಲಿ ನಡೆಯುವಾಗ ಅದೇ ಧಾಟಿ ಕವಾಯತಿನ ಹಾಡಾಗಿದೆ. ದಾರಿ ಬದಿಯಲ್ಲಿದ್ದ ಅಲೆಮಾರಿಯೊಬ್ಬ ಅದನ್ನು ಕೇಳಿಸಿಕೊಂಡು ತನ್ನ ಬಿಡಾರಕ್ಕೆ ಓಡುತ್ತಾನೆ. ರಾತ್ರಿ ಬೆಂಕಿಯ ಸುತ್ತ ಪಿಟೀಲಿನಲ್ಲಿ ಅದೇ ಧಾಟಿ. ಆ ಪಿಟೀಲಿನ ದನಿ ಗಾಳಿಯಲ್ಲಿ ತೇಲಿ ಒಂದು ಅರಮನೆಯ ಬಾಲ್ಕನಿ ತಲುಪುತ್ತದೆ. ಅಲ್ಲಿ ಒಬ್ಬ ಒಂಟಿ ರಾಜಕುಮಾರಿ ನಿಂತಿದ್ದಾಳೆ. ಹೆಸರು ಜೀನೆಟ್, ಪಾತ್ರ ಮಾಡಿದವರು ಜೀನೆಟ್ ಮ್ಯಾಕ್‌ಡೊನಾಲ್ಡ್. ಅವಳು ಅದೇ ಹಾಡನ್ನು ಎತ್ತಿಕೊಂಡು ಮುಗಿಸುತ್ತಾಳೆ.

ದರ್ಜಿಗೂ ರಾಜಕುಮಾರಿಗೂ ಪರಿಚಯವಿಲ್ಲ. ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಆದರೆ ಒಂದೇ ಹಾಡಿನ ಮೊದಲ ಸಾಲು ಇವನ ಬಾಯಲ್ಲಿ ಹುಟ್ಟಿ, ಕೊನೆಯ ಸಾಲು ಅವಳ ಬಾಯಲ್ಲಿ ಮುಗಿಯಿತು. ಇವರಿಬ್ಬರೂ ಸೇರಬೇಕಾದವರು ಅಂತ ನಮಗೆ ಮಾತ್ರ ಗೊತ್ತು. ಒಂದು ಮಾತಿಲ್ಲದೆ, ಕೆಲವೇ ನಿಮಿಷಗಳಲ್ಲಿ. ಈ ಹಾಡು ತೆಗೆದರೆ ಸಿನಿಮಾ ಅಲ್ಲೇ ಕುಸಿಯುತ್ತದೆ. ಅಕ್ಕನ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಇಷ್ಟು ಹೊತ್ತು ಫೋನು ನೋಡುತ್ತಿದ್ದವಳು ಅದನ್ನು ಪಕ್ಕಕ್ಕಿಟ್ಟು, "ಇನ್ನೊಂದ್ ಸಲ ಹಾಕಿ ಮಾಮ" ಅಂದಳು.

ಎರಡನೇ ಸಲ ನೋಡುವಾಗ ನಡೆ ಗಮನಿಸಿ ಅಂತ ಹೇಳಿದೆ. ಧಾಟಿ ಒಂದೇ. ದರ್ಜಿ ಹಾಡುವಾಗ ಅಡ್ಡಾಡುವ ಹಾಗಿದೆ. ಸೈನಿಕರಲ್ಲಿ ಹೆಜ್ಜೆಗೆ ಹೆಜ್ಜೆ ಬೀಳುತ್ತದೆ. ಪಿಟೀಲಿನಲ್ಲಿ ಬಳುಕುತ್ತದೆ. ರಾಜಕುಮಾರಿಯಲ್ಲಿ ಒಪೆರಾ ಗಾಯನದ ಹಾಗೆ ಮೇಲಿನ ಸ್ವರಕ್ಕೆ ಏರುತ್ತದೆ. ಹಳ್ಳಿಯಲ್ಲಿ ಬೀಸುವ ಕಲ್ಲಿನ ಪದವನ್ನೇ ನಾಟಿ ಮಾಡುವಾಗ ಹಾಡಿದರೆ ಓಟ ಬದಲಾಗುತ್ತದಲ್ಲ, ಹಾಗೆ. ಯಾರ ಬಾಯಿಗೆ ಹೋಯಿತೋ ಅವರ ಬದುಕಿನ ಲಯ ಅದಕ್ಕೆ ಅಂಟಿಕೊಳ್ಳುತ್ತದೆ.

## ಇದನ್ನು ಮಾಡಿದ್ದು ಹೇಗೆ?

ಸಂಗೀತ ರಿಚರ್ಡ್ ರಾಜರ್ಸ್, ಸಾಹಿತ್ಯ ಲೊರೆನ್ಸ್ ಹಾರ್ಟ್. ಇಬ್ಬರೂ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯವರು. ಸಾಮಾನ್ಯವಾಗಿ ಆಗ ಕಥೆ ಬರೆದು, ‘ಇಲ್ಲಿ ಒಂದು ಹಾಡು’ ಅಂತ ಜಾಗ ಬಿಟ್ಟು, ಆಮೇಲೆ ಸಂಗೀತಗಾರರನ್ನು ಕರೆಯುತ್ತಿದ್ದರು. ಇಲ್ಲಿ ನಿರ್ದೇಶಕರು, ಬರಹಗಾರರು, ಈ ಜೋಡಿ ಎಲ್ಲರೂ ಮೊದಲಿನಿಂದಲೇ ಜೊತೆಗೆ ಕೂತರು. ಹಾಡು, ಮಾತು, ಕ್ಯಾಮೆರಾದ ಚಲನೆ ಎಲ್ಲವನ್ನೂ ಒಟ್ಟಿಗೆ ಯೋಚಿಸಿದರು. ಬಟ್ಟೆ ಹೊಲಿದ ಮೇಲೆ ಮಣಿ ಅಂಟಿಸುವುದು ಒಂದು, ನೇಯುವಾಗಲೇ ಜರಿ ಸೇರಿಸುವುದು ಇನ್ನೊಂದು. ಇದು ಎರಡನೆಯದು.

ಹಾರ್ಟ್ ಇನ್ನೂ ಒಂದು ಕೆಲಸ ಮಾಡಿದರು. ಹಾಡಿಗೆ ಮುಂಚಿನ ಮಾತುಗಳನ್ನೂ ಪ್ರಾಸದಲ್ಲಿ ಬರೆದರು. ಮಾತು ತಾಳಕ್ಕೆ ಸಿಕ್ಕಿ, ಪ್ರಾಸವಾಗಿ, ನಮಗೆ ತಿಳಿಯದ ಹಾಗೆ ಹಾಡಾಗಿಬಿಡುತ್ತದೆ. ‘ಈಗ ಯಾಕೆ ಇವರು ಹಾಡೋಕೆ ಶುರು ಮಾಡಿದರು?’ ಅನ್ನುವ ಇರುಸುಮುರುಸು ಇಲ್ಲಿ ಆಗುವುದೇ ಇಲ್ಲ.

## ಸಾಲ ವಸೂಲಿಗೆ ಹೋದ ದರ್ಜಿ

ಕಥೆ ಸರಳ. ಗಿಲ್ಬರ್ಟ್ ಎಂಬ ದೊಡ್ಡ ಮನೆತನದವನು ಮೊರೀಸ್‌ನ ಹತ್ತಿರ ಸೂಟುಗಳ ಮೇಲೆ ಸೂಟು ಹೊಲಿಸಿಕೊಂಡು ದುಡ್ಡು ಕೊಡದೆ ಹೋಗಿದ್ದಾನೆ. ಟೋಪಿ, ಅಂಗಿ, ಬೂಟು ಮಾಡುವವರಿಗೂ ಇದೇ ಗತಿ. ಎಲ್ಲರ ಪರವಾಗಿ ಮೊರೀಸ್ ಸಾಲ ವಸೂಲಿಗೆ ಅರಮನೆಗೆ ಹೊರಡುತ್ತಾನೆ. ಅಲ್ಲಿ ಗಿಲ್ಬರ್ಟ್‌ನ ಚಿಕ್ಕಪ್ಪ ಡ್ಯೂಕ್ ಭಾರಿ ಕಟ್ಟುನಿಟ್ಟು. ಹೆದರಿದ ಗಿಲ್ಬರ್ಟ್, "ಇವರು ಒಬ್ಬ ಬ್ಯಾರನ್" ಅಂತ ಪರಿಚಯಿಸಿಬಿಡುತ್ತಾನೆ. ಡ್ಯೂಕ್, ಬ್ಯಾರನ್ ಅಂದರೆ ಯುರೋಪಿನ ಶ್ರೀಮಂತ ಪದವಿಗಳು.

ರಾಜಕುಮಾರಿ ಎಳೆಯ ವಯಸ್ಸಿನಲ್ಲೇ ಮುದುಕನನ್ನು ಮದುವೆಯಾಗಿ ವಿಧವೆಯಾದವಳು. ಅವಳ ಅಂತಸ್ತಿಗೆ ಸರಿಯಾದ ವರ ಇಡೀ ದೇಶದಲ್ಲಿ ಇಬ್ಬರೇ ಅಂತೆ. ಒಬ್ಬನಿಗೆ 85, ಇನ್ನೊಬ್ಬನಿಗೆ 12.

ನಗಿಸುವ ಜಾಗಗಳು ಒಂದೆರಡಲ್ಲ. ನನಗೆ ತುಂಬಾ ಇಷ್ಟವಾದದ್ದು ಬೇಟೆಯ ದೃಶ್ಯ. ಕುದುರೆಗಳು, ನಾಯಿಗಳು, ಕಹಳೆ, ಎಲ್ಲ ಅಬ್ಬರದಿಂದ ಜಿಂಕೆಯ ಬೆನ್ನು ಹತ್ತುತ್ತವೆ. ಮೊರೀಸ್ ಆ ಜಿಂಕೆಯನ್ನು ಒಂದು ಗುಡಿಸಿಲಿನೊಳಗೆ ಬಚ್ಚಿಟ್ಟು ಉಪಚಾರ ಮಾಡುತ್ತಿರುತ್ತಾನೆ. ಜಿಂಕೆ ಮಲಗಿದೆ, ಎಲ್ಲರೂ ತುದಿಗಾಲಲ್ಲಿ ವಾಪಸ್ ಹೋಗಬೇಕು ಅಂತ ಕೇಳಿಕೊಳ್ಳುತ್ತಾನೆ. ಆಗ ಇಡೀ ಬೇಟೆಯ ಗುಂಪು ಸ್ಲೋ ಮೋಷನ್‌ನಲ್ಲಿ ಮರಳುತ್ತದೆ. ಕುದುರೆಗಳೂ ಸದ್ದಾಗಬಾರದು ಅಂತ ಮೆಲ್ಲಗೆ ಕಾಲಿಡುತ್ತಿರುವ ಹಾಗೆ ಕಾಣುತ್ತವೆ. ಸ್ಲೋ ಮೋಷನ್ ಅಂದರೆ ಕ್ಯಾಮೆರಾವನ್ನು ಜಾಸ್ತಿ ವೇಗದಲ್ಲಿ ಓಡಿಸಿ, ಸೆಕೆಂಡಿಗೆ ಹೆಚ್ಚು ಚಿತ್ರ ಹಿಡಿದು, ತೋರಿಸುವಾಗ ಮಾಮೂಲಿ ವೇಗದಲ್ಲಿ ತೋರಿಸುವುದು. ನಾವೀಗ ಫೈಟಿಂಗಿನಲ್ಲಿ ನೋಡಿ ನೋಡಿ ಪಳಗಿದ್ದೇವೆ. ಇಲ್ಲಿ ಅದು ಒಂದು ಜಿಂಕೆಯ ನಿದ್ದೆ ಕಾಪಾಡಲು ಬಂದಿದೆ.

ಇನ್ನೊಂದು, ಗುಟ್ಟು ಬಯಲಾಗುವ ದೃಶ್ಯ. ರಾಜಕುಮಾರಿಯ ಸವಾರಿಯ ಉಡುಪು ಸರಿಯಿಲ್ಲ ಅಂತ ಮೊರೀಸ್‌ಗೆ ಸಹಿಸಲಾಗುವುದಿಲ್ಲ. ತಾನೇ ಹೊಲಿದು ಕೊಡುತ್ತಾನೆ. ಕೈಯ ಕಸುಬೇ ಅವನನ್ನು ಹಿಡಿದುಕೊಡುತ್ತದೆ. ‘ಬ್ಯಾರನ್ ಅಲ್ಲ, ಬರೀ ದರ್ಜಿ!’ ಅನ್ನುವ ಸುದ್ದಿ ಹಾಡಾಗಿ ಅರಮನೆ ತುಂಬಾ ಹರಡುತ್ತದೆ. ಡ್ಯೂಕ್, ಮೂವರು ಮುದಿ ಅತ್ತೆಯರು, ಆಮೇಲೆ ಸೇವಕರು, ಅಡುಗೆಯವರು, ಬಟ್ಟೆ ಒಗೆಯುವವಳು. ಮೊದಲ ಹಾಡು ಹೇಗೆ ಬಾಯಿಂದ ಬಾಯಿಗೆ ಹೋಗಿ ಇಬ್ಬರನ್ನು ಕಟ್ಟಿತ್ತೋ, ಈ ಹಾಡು ಹಾಗೇ ಬಾಯಿಂದ ಬಾಯಿಗೆ ಹೋಗಿ ಅವರನ್ನು ಬೇರೆ ಮಾಡುತ್ತದೆ. ದೊಡ್ಡವರ ಜೊತೆ ಆಳುಗಳೂ ಅದೇ ತಿರಸ್ಕಾರ ಹಾಡುವಾಗ ನಗುವಿನ ಒಳಗೆ ಒಂದು ಮುಳ್ಳು ಚುಚ್ಚುತ್ತದೆ.

ಮೊರೀಸ್ ರೈಲು ಹತ್ತುತ್ತಾನೆ. ರಾಜಕುಮಾರಿ ಕುದುರೆ ಏರಿ ರೈಲನ್ನು ಹಿಂದಿಕ್ಕಿ, ಹಳಿಯ ನಡುವೆ ನಿಂತು ಅದನ್ನು ನಿಲ್ಲಿಸುತ್ತಾಳೆ. 1932ರಲ್ಲಿ ನಾಯಕಿ ಮಾಡುವ ಕೆಲಸ ಇದು!

## ಡ್ಯೂಕ್ ಪಾತ್ರದಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಕ್ಯಾಪ್ಟನ್

ಕ್ರಿಕೆಟ್ ಪ್ರಿಯರಿಗೆ ಇದು. ಆ ಡ್ಯೂಕ್ ಪಾತ್ರ ಮಾಡಿದವರು ಸಿ. ಆಬ್ರಿ ಸ್ಮಿತ್. 1889ರಲ್ಲಿ ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ನಡೆದ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಆಗಿದ್ದವರು. ಮೊದಲ ಇನ್ನಿಂಗ್ಸ್‌ನಲ್ಲಿ 19 ರನ್ನಿಗೆ 5 ವಿಕೆಟ್ ತೆಗೆದರು, ಪಂದ್ಯ ಗೆದ್ದರು. ಅವರು ಆಡಿದ್ದು ಅದೊಂದೇ ಟೆಸ್ಟ್. ಬೌಲಿಂಗ್‌ಗೆ ಓಡಿಬರುತ್ತಿದ್ದ ರೀತಿ ವಿಚಿತ್ರವಾಗಿತ್ತಂತೆ, ಅದಕ್ಕೇ ‘ರೌಂಡ್ ದ ಕಾರ್ನರ್ ಸ್ಮಿತ್’ ಅಂತ ಅಡ್ಡಹೆಸರು. ಈ ಸಿನಿಮಾ ಬಂದ 1932ರಲ್ಲೇ ಹಾಲಿವುಡ್ ಕ್ರಿಕೆಟ್ ಕ್ಲಬ್ ಕಟ್ಟಿದರು. ಆಗ ಅವರಿಗೆ 69 ವರ್ಷ. ಮೊರೀಸ್ ಅರಮನೆಗೆ ಬಂದ ಮರುದಿನ ಬೆಳಗ್ಗೆ ಮನೆಯವರೆಲ್ಲ ಅವನ ‘ಮಿಮಿ’ ಹಾಡನ್ನು ಗುನುಗುವ ದೃಶ್ಯವಿದೆ. ಅದರಲ್ಲಿ ಈ ಕ್ಯಾಪ್ಟನ್ ಮನಸ್ಸು ಬಿಚ್ಚಿ ಹಾಡುವುದನ್ನು ನೋಡಬೇಕು.

## ಕತ್ತರಿಗೆ ಸಿಕ್ಕ ಭಾಗ

ಆ ಬೆಳಗಿನ ದೃಶ್ಯದಲ್ಲಿ ಒಬ್ಬರು ಇಲ್ಲ. ಗಂಡಸರ ಹುಚ್ಚು ಹಿಡಿದ ವ್ಯಾಲೆಂಟೀನ್ ಪಾತ್ರದ ಮರ್ನಾ ಲಾಯ್. ಅವರೂ ‘ಮಿಮಿ’ ಹಾಡಿದ್ದರು. ಈಗಿನ ಪ್ರತಿಯಲ್ಲಿ ಆ ತುಣುಕು ಇಲ್ಲ.

ಕಾರಣ ‘ಪ್ರೊಡಕ್ಷನ್ ಕೋಡ್’. ಸಿನಿಮಾದಲ್ಲಿ ಏನು ತೋರಿಸಬಹುದು, ಏನು ತೋರಿಸಬಾರದು ಅಂತ ಹಾಲಿವುಡ್ ಸ್ಟುಡಿಯೋಗಳು ತಾವೇ ಹಾಕಿಕೊಂಡ ನಿಯಮಗಳ ಪಟ್ಟಿ ಇದು. 1930ರಲ್ಲೇ ಬರೆದಿದ್ದರೂ ಕಟ್ಟುನಿಟ್ಟಾಗಿ ಜಾರಿಯಾದದ್ದು 1934ರಲ್ಲಿ. ಆಮೇಲೆ ಹಳೆಯ ಸಿನಿಮಾ ಮತ್ತೆ ಬಿಡುಗಡೆ ಮಾಡಬೇಕಾದರೂ ಒಪ್ಪಿಗೆ ಬೇಕಾಯಿತು. ‘ಲವ್ ಮಿ ಟುನೈಟ್’ ಮರುಬಿಡುಗಡೆಗೆ ಹೋದಾಗ ತೆಳು ರಾತ್ರಿ ಉಡುಪಿನಲ್ಲಿದ್ದ ಮರ್ನಾ ಲಾಯ್ ಸೇರಿ ಹಲವು ನಿಮಿಷಗಳನ್ನು ತೆಗೆದುಹಾಕಿದರು. ಕತ್ತರಿಸಿದ ತುಣುಕುಗಳು ಮತ್ತೆ ಸಿಕ್ಕಿಲ್ಲ. ಈಗ ನಾವು ನೋಡುವುದು ಸುಮಾರು 89 ನಿಮಿಷದ ಪ್ರತಿ. ಒಳ್ಳೆಯ ಸೀರೆಯ ಸೆರಗಿನಿಂದ ಒಂದು ತುಂಡು ಹೋದ ಹಾಗೆ ನನಗೆ ಇದು ಕಾಡುತ್ತದೆ.

## ಯಾಕೆ ಮರೆತರು?

ಪ್ಯಾರಮೌಂಟ್ 1933ರಲ್ಲಿ ಸಾಲದಲ್ಲಿ ಮುಳುಗಿ ದಿವಾಳಿಯಾಯಿತು. ಅದೇ ವರ್ಷ ವಾರ್ನರ್ ಕಂಪನಿಯ ‘ಫಾರ್ಟಿ ಸೆಕೆಂಡ್ ಸ್ಟ್ರೀಟ್’ ಬಂದು ಮ್ಯೂಸಿಕಲ್‌ಗೆ ಬೇರೆಯೇ ಮುಖ ಕೊಟ್ಟಿತು. ಅದು ನೂರಾರು ಹುಡುಗಿಯರ ಕುಣಿತದ ವೈಭವ. ಆಮೇಲೆ ಬಣ್ಣ ಬಂತು, ಎಂಜಿಎಂ ಕಂಪನಿಯ ಬಣ್ಣದ ಮ್ಯೂಸಿಕಲ್‌ಗಳೇ ಜನರ ನೆನಪಿನಲ್ಲಿ ಕೂತವು. ಪ್ಯಾರಮೌಂಟ್ ತನ್ನ ಹಳೆಯ ಚಿತ್ರಗಳ ದೊಡ್ಡ ಕಟ್ಟನ್ನೇ 1950ರ ದಶಕದ ಕೊನೆಯಲ್ಲಿ ಮಾರಿಬಿಟ್ಟಿತು. ಅದರಲ್ಲಿ ಇದೂ ಹೋಯಿತು. ಡಿವಿಡಿ ಬಂದದ್ದು 2003ರಲ್ಲಿ. ಅಷ್ಟರಲ್ಲಿ 71 ವರ್ಷ ಕಳೆದಿತ್ತು.

ಕೆಲಸ ಮಾಡಿದವರು ಮಾತ್ರ ಮುಂದೆ ಹೋದರು. ಮರ್ನಾ ಲಾಯ್ ಎರಡೇ ವರ್ಷದಲ್ಲಿ ದೊಡ್ಡ ತಾರೆಯಾದರು. ಮಮೂಲಿಯನ್ ಮತ್ತು ರಾಜರ್ಸ್ 1943ರಲ್ಲಿ ಬ್ರಾಡ್‌ವೇಯಲ್ಲಿ ‘ಓಕ್ಲಹೋಮ’ ನಾಟಕಕ್ಕೆ ಮತ್ತೆ ಜೊತೆಯಾದರು. ಹಾಡಿನಲ್ಲೇ ಕಥೆ ಹೇಳುವ ಅಮೆರಿಕದ ರಂಗನಾಟಕಕ್ಕೆ ಇವತ್ತಿಗೂ ಅದನ್ನೇ ಮಾದರಿಯಾಗಿ ತೋರಿಸುತ್ತಾರೆ. ಬೀಜ 11 ವರ್ಷ ಮುಂಚೆ ಈ ದರ್ಜಿಯ ಅಂಗಡಿಯಲ್ಲೇ ಬಿದ್ದಿತ್ತು ಅಂತ ನಾನು ನಂಬುತ್ತೇನೆ. ಅಮೆರಿಕ ಸರ್ಕಾರ ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ 1990ರಲ್ಲಿ ಇದನ್ನು ಸೇರಿಸಿತು.

ಆ ದರ್ಜಿಯ ಹಾಡಂತೂ ಸಿನಿಮಾದಿಂದ ಹೊರಬಿದ್ದು ಜಾಝ್ ಗಾಯಕರ, ವಾದಕರ ಪಾಲಾಯಿತು. ಸಿನಿಮಾದ ಹೆಸರು ಕೇಳದವರೂ ಅದನ್ನು ನುಡಿಸುತ್ತಾರೆ.

ನೋಡುವವರಿಗೆ ಒಂದೇ ಮಾತು. ಫೋನಿನ ಸ್ಪೀಕರ್‌ನಲ್ಲಿ ನೋಡಬೇಡಿ. ಹೆಡ್‌ಫೋನ್ ಹಾಕಿಕೊಳ್ಳಿ, ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ, ಹಾರ್ಟ್ ಬರೆದ ಪ್ರಾಸ ಆಗ ತಪ್ಪುವುದಿಲ್ಲ. ಮೊದಲ ಗುದ್ದಲಿ ಪೆಟ್ಟು ಬಿದ್ದಾಗ ಸುಮ್ನೆ ಕೈಯಲ್ಲಿ ತಾಳ ಹಾಕುತ್ತಾ ಹೋಗಿ. ಮೊರೀಸ್ ಕಿಟಕಿ ಮುಚ್ಚುವವರೆಗೂ ಒಂದು ಪೆಟ್ಟೂ ತಪ್ಪುವುದಿಲ್ಲ.